ನೋಯದ ಪಾದ

“ಎತ್ತು ಕಾಲು! ಎಲ್ಲರೂ ನೋಡ್ಲಿ!”

ಅಜ್ಜಮ್ಮನ ದನಿಗೆ ಅಂಗಳದಲ್ಲಿ ನೆರೆದಿದ್ದ ಓಣಿಯ ಹೆಂಗಸರು ಸುಮ್ಮನಾದರು. ಸೊಸೆ ಅರುಣಾ ಕಟ್ಟೆಯ ಮೇಲೆ ಕುಳಿತು, ಸೀರೆಯ ನಿರಿಗೆ ಹಿಡಿದುಕೊಂಡು ಬಲಗಾಲನ್ನು ಮೆಲ್ಲಗೆ ಮುಂದೆ ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ ಒಂದು, ಹಿಮ್ಮಡಿಯ ಪಕ್ಕದಲ್ಲಿ ಇನ್ನೊಂದು, ನೀರು ತುಂಬಿದ ಬೊಬ್ಬೆಗಳು. ಒಲೆ ಮುಂದೆ ಬಾಳುವ ಹೆಂಗಸರ ಮೈಮೇಲೆ ಬೊಬ್ಬೆ ಏಳುವುದು ಬಿಳಿಚೋಡಿನಲ್ಲಿ ಯಾರೂ ಕಾಣದ ಸಂಗತಿಯೇನಲ್ಲ. ಆದರೆ ಇದು ಹಿಂದಿನ ದಿನ ಊರಮ್ಮನ ಗುಡಿಯ ಮುಂದೆ ಕೆಂಡ ಹಾಯ್ದ ಕಾಲು. ಮನಸ್ಸು ಚೊಕ್ಕಟವಾಗಿದ್ದವರನ್ನು ಕೆಂಡ ಸುಡುವುದಿಲ್ಲ ಎಂದು ನಂಬಿಕೊಂಡು ಬಂದ ಮನೆ ಅದು. ಸುಟ್ಟರೆ? ಸುಟ್ಟರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ!

“ನೋಡಿದ್ರಾ? ಇವಳ ಮುಂದೇನೇ ನಾನೂ ಹಾಯ್ದೆ. ಇವಳಂಗೆ ಓಡ್ಲಿಲ್ಲ. ಸಾವಕಾಶ ನಡೆದೆ. ನನಗೆ ಬಿಸಿ ಅಂಬೋದೇ ಗೊತ್ತಾಗ್ಲಿಲ್ಲ. ಇವಳಿಗೆ ಮಾತ್ರ ಯಾಕೆ ಸುಡ್ತು? ಮನಸಿನಾಗೆ ಏನ್ ಇಟ್ಕಂಡು ಹಾಯ್ದಳೋ… ಯಾರನ್ನ ಇಟ್ಕಂಡು ಹಾಯ್ದಳೋ… ಆ ಅಮ್ಮನಿಗೇ ಗೊತ್ತು!”

‘ಯಾರನ್ನ’ ಎಂಬ ಮಾತು ಬಿದ್ದದ್ದೇ ತಡ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರುಣಾ ತಲೆಯೆತ್ತಿ ಗಂಡನನ್ನು ನೋಡಿದಳು. ಕಲ್ಲೇಶ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಲೈನ್‌ಮನ್ ಕೆಲಸದವನು, ಗಾಳಿ ಮಳೆಯಲ್ಲೂ ಕಂಬದ ತುದಿಗೆ ಹತ್ತಿ ತಂತಿ ಎಳೆಯುವ ಗಂಡಸು. ತಾಯಿಯ ಎದುರು ಒಂದು ಮಾತಾಡುವ ಧೈರ್ಯವನ್ನು ಮಾತ್ರ ದೇವರು ಆತನಿಗೆ ಕೊಡುವುದನ್ನು ಮರೆತಿದ್ದ. ಹೆಂಡತಿಯ ಕಣ್ಣು ತಪ್ಪಿಸಿ ಬೈಕಿನ ಕೀಲಿ ಹುಡುಕುತ್ತಾ ಒಳಗೆ ಹೋದ.

ಮದುವೆಯಾಗಿ ಮೂರನೇ ವರ್ಷ. ಆ ಮನೆಯ ಸೊಸೆ ಒಂದು ಸಲ ಕೆಂಡ ಹಾಯ್ದ ಮೇಲೆಯೇ ದೇವರ ಕೋಣೆಯಲ್ಲಿ ದೀಪ ಹಚ್ಚಬೇಕು. ಅಲ್ಲಿಯವರೆಗೆ ಕೋಣೆ ಸಾರಿಸಬಹುದು, ಹಿತ್ತಾಳೆ ಬೆಳಗಬಹುದು, ಅಷ್ಟೇ. ತಾನೂ ಈ ಮನೆಯವಳಾಗುತ್ತೇನೆ ಎಂಬ ಆಸೆಯಿಂದಲೇ ಅರುಣಾ ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು ಕೆಂಡಕ್ಕೆ ಇಳಿದಿದ್ದಳು. ಇಳಿದದ್ದೇ ಉರಿ ತಾಳದೆ ದಡದಡನೆ ಓಡಿ ದಾಟಿದ್ದಳು. ಈಗ ದೀಪದ ಮಾತು ಹಾಗಿರಲಿ, ಇರುವ ಜಾಗವೂ ಹೋಗುವ ಹಾಗಾಗಿತ್ತು! “ನಿಮ್ಮ ತಂಗೀನ ಕರ್ಕಂಡು ಹೋಗ್ರಿ” ಎಂದು ಅಜ್ಜಮ್ಮ ಅಂದೇ ಸೊಸೆಯ ತವರು ಕತ್ತಲಗೆರೆಗೆ ಫೋನು ಮಾಡಿಸಿದಳು.

ಅಜ್ಜಮ್ಮ ಹುಟ್ಟಾ ಕೆಟ್ಟವಳು ಎಂದು ಯಾರೂ ತಿಳಿಯಬಾರದು. ಗಂಡ ಅಂಜಿನಪ್ಪ ತೀರಿಕೊಂಡ ಮೇಲೆ ಆಕೆಯನ್ನು ಯಾರೂ ಮುತ್ತೈದೆಯರ ಸಾಲಿಗೆ ಕರೆಯಲಿಲ್ಲ. ಮದುವೆ ಮನೆಗಳಲ್ಲಿ ಹಿಂದಿನ ಕುರ್ಚಿ, ಅರಿಸಿನ ಕುಂಕುಮದ ತಟ್ಟೆ ಬಂದಾಗ ಎದ್ದು ಹೊರಗೆ ಹೋಗುವ ಪಾಡು. ಉಳಿದದ್ದು ಒಂದೇ. ಆ ಮನೆಗೆ ಹಿಂದಿನಿಂದ ಬಂದ, ಕೆಂಡದಲ್ಲಿ ಮೊದಲ ಹೆಜ್ಜೆ ಇಡುವ ಹಕ್ಕು. ಆ ಒಂದು ದಿನ ಮಾತ್ರ ಊರಿನ ಮುತ್ತೈದೆಯರೆಲ್ಲ ಸಾಲಾಗಿ ಬಂದು ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ವರ್ಷವೆಲ್ಲ ನುಂಗಿದ ಅವಮಾನಕ್ಕೆ ಆ ಒಂದು ದಿನವೇ ಔಷಧಿ. ಹೀಗಾಗಿ ಆಕೆ ಉಳಿದವರ ಹಾಗೆ ಓಡುತ್ತಿರಲಿಲ್ಲ. ಕೈಮುಗಿದುಕೊಂಡು, ಮನೆಯಂಗಳದಲ್ಲಿ ನಡೆದಾಡುವವರ ಹಾಗೆ ಹೋಗುತ್ತಿದ್ದಳು. ಈ ವರ್ಷವಂತೂ ನಡುವೆ ಒಂದು ಗಳಿಗೆ ನಿಂತೇಬಿಟ್ಟಿದ್ದಳು! ಜನ ಉಘೇ ಎಂದು ಕೂಗಿದ್ದರು.

ನಾಲ್ಕೈದು ದಿನ ಕಳೆದು, ಅಣ್ಣ ರಂಗನಾಥ್ ಬರುವ ದಿನ ಬೆಳಿಗ್ಗೆ ಅರುಣಾ ಕೊನೆಯ ಸಲ ಎಂಬಂತೆ ಮನೆ ಒರೆಸುತ್ತಿದ್ದಳು. ಬಟ್ಟೆಬರೆ ಚೀಲಕ್ಕೆ ತುಂಬಿ ಆಗಿತ್ತು. ಕೆಂಪು ಗಾರೆಯ ನೆಲದ ಮೇಲೆ ದೇವರ ಕೋಣೆಯಿಂದ ಮಂಚದವರೆಗೆ ದುಂಡಗಿನ ಒದ್ದೆ ಕಲೆಗಳು ಬಿದ್ದಿದ್ದವು. ನೀರಿರಬೇಕೆಂದು ಒರೆಸಿದಳು. ಬಟ್ಟೆಗೆ ಹಳದಿ ಹತ್ತಿತು… ಮೂಗಿಗೆ ಒಂದು ಕೊಳೆತ ವಾಸನೆ ಬಡಿಯಿತು. ಮಂಚದ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದ ಅಜ್ಜಮ್ಮನ ಎಡಗಾಲಿನ ಸುತ್ತ ನೊಣ ಆಡುತ್ತಿದ್ದವು.

“ಅತ್ತೆ, ಕಾಲು ಸ್ವಲ್ಪ ತೋರ್ಸ್ರಿ.”

“ನನ್ನ ಕಾಲು ನೋಡಿ ನೀನೇನು ಮಾಡ್ತೀಯೇ? ನಿನ್ನ ಕಾಲು ನೋಡ್ಕ ಹೋಗು.”

ಅರುಣಾ ಕೇಳಲಿಲ್ಲ. ನೆಲದ ಮೇಲೆ ಕುಳಿತು ಆ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.  ಬೆರಳುಗಳ ಕೆಳಗೆ ಅಂಗಾಲಿನ ಚರ್ಮ ಕಪ್ಪಗೆ ಒಣಗಿ ತೊಗಲಿನಂತಾಗಿತ್ತು, ಸುತ್ತ ಬೆಳ್ಳಗೆ ನೆನೆದು ಸುಕ್ಕಾದ ಅಂಚು, ನಡುವೆ ಕೀವು, ಆ ಕೀವಿನೊಳಗೆ ಒಂದು ಚೂರು ಇದ್ದಿಲು ಇನ್ನೂ ಸಿಕ್ಕಿಕೊಂಡಿತ್ತು. ಅರುಣಾ ಬೆರಳಿನಿಂದ ಅಂಚನ್ನು ಒತ್ತಿದಳು.

“ನೋಯ್ತೈತೇನತ್ತೆ?”

“ಏನು ನೋಯ್ತೈತೆ? ಎಲ್ಲಿ ಮುಟ್ಟಿದೀಯ ನೀನು?”

ಅರುಣಾ ಎದ್ದು ಗೋಡೆಯ ಮೇಲಿದ್ದ ಕನ್ನಡಿ ತಂದು ಪಾದದ ಕೆಳಗೆ ಹಿಡಿದಳು. ಅಜ್ಜಮ್ಮ ಬಗ್ಗಿ ನೋಡಿದಳು. ಕೈಯಲ್ಲಿದ್ದ ಬಾಚಣಿಗೆ ನೆಲಕ್ಕೆ ಬಿತ್ತು. ಆಕೆಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯವರಿಗೆಲ್ಲ ಗೊತ್ತು. ನೆನಪಾದಾಗ ಮಾತ್ರೆ, ಮರೆತಾಗ ಇಲ್ಲ. ಕಾಲು ಜೋಮು ಹಿಡಿದಂತಾಗುತ್ತದೆ ಎಂದು ವರ್ಷದಿಂದ ಹೇಳುತ್ತಿದ್ದದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಆಕೆಯೂ ಹಾಕಿಕೊಂಡಿರಲಿಲ್ಲ. ಕೆಂಡದ ಬಿಸಿ ತಗುಲದಿದ್ದಾಗ ಅಮ್ಮ ತನಗೆ ಒಲಿದಳೆಂದೇ ನಂಬಿ ಆ ಗಳಿಗೆ ನಿಂತಿದ್ದಳು, ಪಾಪ!

“ಯಾರಿಗೂ ಹೇಳ್ಬೇಡ ಕಣೇ…” ಅಜ್ಜಮ್ಮ ಸೊಸೆಯ ಮಣಿಕಟ್ಟು ಹಿಡಿದಳು. ಓಣಿಗೆಲ್ಲ ಕೇಳುತ್ತಿದ್ದ ಆ ದನಿ ಈಗ ಪಿಸುಮಾತಾಗಿತ್ತು. “ನನಗೇ ಸುಟ್ಟೈತೆ ಅಂತ ಗೊತ್ತಾದ್ರೆ ನಾನು ಹೆಂಗೆ ಬದುಕ್ಲಿ? ಇದೊಂದು ಬಿಟ್ರೆ ನನಗೆ ಏನೈತೆ ಹೇಳು…”

ಹೊರಗೆ ರಂಗನಾಥನ ಓಮ್ನಿ ಬಂದು ನಿಂತ ಸದ್ದಾಯಿತು. ಅಂಗಳದಲ್ಲಿ ಅದೇ ಹೆಂಗಸರು, ಸೊಸೆ ಹೊರಡುವುದನ್ನು ನೋಡಲು ಕೆಲಸ ಬಿಟ್ಟು ಬಂದವರು. ಒಂದು ಕೂಗು ಹಾಕಿದರೆ ಸಾಕಾಗಿತ್ತು. ಬನ್ನಿ, ಈ ಕಾಲನ್ನೂ ನೋಡಿ ಹೋಗಿ! ಅರುಣಾ ದೇವತೆಯೇನಲ್ಲ, ಕೂಗಲು ಬಾಯಿ ತೆರೆದದ್ದೂ ನಿಜ. ಆದರೆ ತೊಡೆಯ ಮೇಲಿದ್ದ ಆ ಪಾದದ ವಾಸನೆ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂಥ ಆ ಮುಖ… ಕೂಗು ಗಂಟಲಲ್ಲೇ ಉಳಿಯಿತು. ಕಾಲು ಕೊಳೆಯುತ್ತಿರುವವಳ ಹತ್ತಿರ ತನ್ನ ಮಾನದ ಜಗಳ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ.

“ಹೇಳಲ್ಲ. ಆದ್ರೆ ಇವತ್ತೇ ಆಸ್ಪತ್ರೆಗೆ ಹೋಗ್ಬೇಕು.”

“ಜಗಳೂರಾಗೆ ನಮ್ಮನ್ನ ಯಾರಿಗೆ ಗೊತ್ತಿಲ್ಲ? ಸಂಜೆ ಒಳಗೆ ಊರು ತುಂಬ ಆಗ್ತೈತೆ.”

“ಹಂಗಾದ್ರೆ ನಮ್ಮೂರಿಗೆ ಬರ್ರಿ. ಅಲ್ಲೇ ಹತ್ತಿರ ಚನ್ನಗಿರಿ ಆಸ್ಪತ್ರೆಯಾಗೆ ನಿಮ್ಮ ಗುರುತು ಯಾರಿಗೂ ಇಲ್ಲ.”

ಹೀಗೆ, ತವರಿಗೆ ಅಟ್ಟಿಸಿಕೊಂಡ ಸೊಸೆಯ ಹಿಂದೆಯೇ ಅಟ್ಟಿದ ಅತ್ತೆಯೂ ಕಾಲಿಗೆ ಹಳೆಯ ಸೀರೆ ಸುತ್ತಿಕೊಂಡು ಓಮ್ನಿ ಹತ್ತಿದಳು. “ಕಾಲಿಗೆ ಮೊಳೆ ಚುಚ್ಚೈತೆ, ಆದ್ರೂ ಬೀಗರ ಮನೇಲೇ ಕುಂತು ಇತ್ಯರ್ಥ ಮಾಡ್ಕಂಡು ಬರ್ತೀನಿ” ಎಂದು ಹೆಂಗಸರಿಗೆ ಹೇಳಿದಳು. ಅಜ್ಜಮ್ಮ ಅಂದರೆ ಅಜ್ಜಮ್ಮ ಎಂದು ಓಣಿ ಹೊಗಳಿತು. ತನ್ನ ತಲೆಯ ಮೇಲಿನ ಕಳಂಕ ಇನ್ನಷ್ಟು ದಪ್ಪವಾದದ್ದು ಅರುಣಾಗೆ ತಿಳಿಯಿತು. ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು.

ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಜನ ಚನ್ನಗಿರಿಗೆ ಹುಡುಕಿಕೊಂಡು ಬರುವ ಡಾಕ್ಟರು ಆಶಾ. ಮಾತು ಖಾರ, ಕೈ ಮೃದು. ಗಾಯ ನೋಡಿದವರೇ ಕನ್ನಡಕ ಸರಿಮಾಡಿಕೊಂಡು, “ಇನ್ನೊಂದು ವಾರ ಬಿಟ್ಟಿದ್ರೆ ಪಾದವನ್ನೇ ತೆಗೀಬೇಕಾಗ್ತಿತ್ತು” ಎಂದರು. ಸತ್ತ ಚರ್ಮವನ್ನು ಕತ್ತರಿಸುತ್ತಾ ಹೋದರು. ಅಜ್ಜಮ್ಮ ಕದಲಲಿಲ್ಲ. ಆಕೆಗೆ ಏನೂ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಅರುಣಾಳ ಕಣ್ಣಿನಿಂದ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಡಾಕ್ಟ್ರಮ್ಮ, ಒಂದು ಕೇಳ್ಲಾ?” ಅಜ್ಜಮ್ಮ ಕತ್ತೆತ್ತಿ ನೋಡಿದಳು. “ಅವಳಿಗೂ ಸುಟ್ಟಿತ್ತು. ಅವಳದ್ದು ಆಗಲೇ ಒಣಗ್ತಾ ಐತೆ. ನನ್ನದು ಯಾಕೆ ಹಿಂಗಾತು?”

“ಚರ್ಮ ಅಂದ್ರೆ ಒಂದೇ ಹಾಳೆ ಅಲ್ಲಮ್ಮ. ಮೇಲೊಂದು ಪದರ, ಅದರ ಕೆಳಗೆ ದಪ್ಪಗಿರೋ ಇನ್ನೊಂದು, ಅದರ ಕೆಳಗೆ ಕೊಬ್ಬು. ಅಂಗಾಲಲ್ಲಿ ಮೇಲಿನ ಪದರ ಬಹಳ ದಪ್ಪ. ಅದಕ್ಕೇ ಬೇಗ ಬೇಗ ದಾಟಿದವರಿಗೆ ಕೆಂಡ ಅಷ್ಟಾಗಿ ತಾಗಲ್ಲ. ಇವಳಿಗೆ ನೋವಾಯ್ತು, ಕಾಲು ಕಿತ್ತು ಓಡಿದಳು. ಮೇಲಷ್ಟೇ ಸುಟ್ಟಿದ್ದು. ಹೊಸ ಚರ್ಮ ಹುಟ್ಟಿಸೋ ಜೀವ ಕೆಳಗೆ ಹಾಗೇ ಇದೆ, ಕಲೆಯೂ ಉಳಿಯಲ್ಲ. ನಿಮಗೆ ಸಕ್ಕರೆಯಿಂದ ಕಾಲಿನ ನರ ಮಂಕಾಗಿದೆ. ನೋವು ಗೊತ್ತಾಗಲಿಲ್ಲ, ನಿಧಾನ ಮಾಡಿದ್ರಿ. ಎರಡೂ ಪದರ ಸುಟ್ಟು ಕೊಬ್ಬಿನವರೆಗೂ ಹೋಗಿದೆ.”

“ಅಂದ್ರೆ… ಮನಸಿಗೂ ಅದಕ್ಕೂ…”

“ಚರ್ಮಕ್ಕೆ ಮನಸ್ಸು ಎಲ್ಲಿ ಕಾಣುತ್ತಮ್ಮ? ಬಿಸಿ ಎಷ್ಟು ಹೊತ್ತು ತಗುಲಿತು ಅನ್ನೋದು ಮಾತ್ರ ಅದಕ್ಕೆ ಗೊತ್ತು.”

ಕಿರುಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ದಿನಾ ಗಾಯ ತೊಳೆದು ಕಟ್ಟಬೇಕು, ಇನ್ಸುಲಿನ್ ತಪ್ಪಿಸಬಾರದು, ಕಾಲನ್ನು ನೆಲಕ್ಕೆ ಊರಲೇಬಾರದು ಎಂದು ಹೇಳಿ ಡಾಕ್ಟರು ಅರುಣಾಳ ಕೈಯಿಂದಲೇ ಕಟ್ಟಿಸಿ ಕಲಿಸಿದರು. ಗಾಯ ತಳದಿಂದ ತುಂಬಿಕೊಂಡು ಬರಬೇಕು, ಅಂಚಿನಿಂದ ಹೊಸ ಚರ್ಮ ಅದರ ಮೇಲೆ ಹರಿದು ಬರಬೇಕು. ಅವಸರಕ್ಕೆ ಮೇಲೆ ಮಾತ್ರ ಮುಚ್ಚಿಕೊಂಡರೆ ಒಳಗೆ ಕೀವು ಉಳಿದು ಮತ್ತೆ ಕುಯ್ಯಬೇಕಾಗುತ್ತದೆ ಎಂದೂ ಎಚ್ಚರಿಸಿದರು.

ಬೀಗರ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಏಳುವುದು ಬೇರೆ, ವಾರಗಟ್ಟಲೆ ಕಾಲು ಚಾಚಿಕೊಂಡು ಬೀಳುವುದು ಬೇರೆ. ಕತ್ತಲಗೆರೆಯ ಆ ಸಣ್ಣ ಮನೆಯ ಪಡಸಾಲೆಯಲ್ಲಿ, ನಾಲೆ ನೀರಿನ ಗದ್ದೆಯ ಕಡೆ ಮುಖಮಾಡಿದ ಮಂಚದ ಮೇಲೆ ಅಜ್ಜಮ್ಮ ಮುದುಡಿ ಕುಳಿತಳು. ಅರುಣಾಳ ತಾಯಿ ನಾಗರತ್ನ ಹೊತ್ತಿಗೆ ಸರಿಯಾಗಿ ಮುದ್ದೆ, ಸಾರು ತಂದಿಡುತ್ತಿದ್ದಳು. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಊರಿನಿಂದ ಊರಿಗೆ ಮಾತು ಹರಿದು ಬರಲು ಬಸ್ಸು ಬೇಕೇನು! ಬಿಳಿಚೋಡಿನ ಅಂಗಳದಲ್ಲಿ ಬಿದ್ದ ‘ಯಾರನ್ನ’ ಎಂಬ ಮಾತು ಒಂದು ದಿನ ನಾಗರತ್ನಳ ಕಿವಿಗೂ ಬಿತ್ತು. ಅವಳು ಮಗಳನ್ನು ಅಡಿಗೆ ಮನೆಗೆ ಎಳೆದುಕೊಂಡಳು.

“ನನ್ನ ಮಗಳ ಶೀಲದ ಮೇಲೆ ಮಣ್ಣು ಹಾಕಿ, ನನ್ನ ಮನೆಯಾಗೇ ಮಲಗಿ ಉಣ್ತಾಳಲ್ಲ! ಸುಟ್ಟಿದ್ದು ಅವಳ ಕಾಲೂ ಹೌದು ಅಂತ ಹೇಳಾಕೆ ನಿನಗೆ ಬಾಯಿಲ್ಲೇನೇ?”

“ಅಮ್ಮ, ಮೆಲ್ಲಗೆ… ಹೇಳಲ್ಲ ಅಂತ ಮಾತು ಕೊಟ್ಟೀನಿ.”

“ಅವಳಿಗೆ ಕೊಟ್ಟ ಮಾತು ದೊಡ್ಡದಾತು, ನಿನ್ನ ಬಾಳುವೆ ಸಣ್ಣದಾತಾ? ಜೀವನ ಪೂರ್ತಿ ಆ ಹೆಸರು ಹೊತ್ಕಂಡು ತಿರುಗ್ತೀಯಾ?”

“ಅವರಿಗೆ ಅದೊಂದೇ ಇರೋದಮ್ಮ…” ಅರುಣಾ ಸೆರಗು ಬಾಯಿಗೆ ಒತ್ತಿಕೊಂಡಳು. “ನನಗೆ ನೀನಿದೀಯ, ಅಣ್ಣ ಐದಾನೆ. ಅವರಿಗೆ ಯಾರಿದಾರೆ?”

ಪಡಸಾಲೆಗೂ ಅಡಿಗೆ ಮನೆಗೂ ನಡುವೆ ಇದ್ದದ್ದು ಒಂದು ಪರದೆ. ಅಂದು ಸಂಜೆ ಅಜ್ಜಮ್ಮ ಮುದ್ದೆ ಮುರಿಯಲಿಲ್ಲ. ಹಸಿವಿಲ್ಲ ಎಂದಳು.

ಗಾಯ ತುಂಬುತ್ತಾ ಬಂತು. ತಳದಲ್ಲಿ ರಾಗಿ ಕಾಳಿನಂಥ ಕೆಂಪು ಕಣಗಳು ಎದ್ದವು. ಅದೇ ಒಳ್ಳೆಯ ಗುರುತು ಎಂದು ಡಾಕ್ಟರು ಹೇಳಿದ್ದರು. ಅರುಣಾ ದಿನಾ ಬೆಳಿಗ್ಗೆ ಕೈ ತೊಳೆದು ಬಂದು ಕುಳಿತು, ಉಪ್ಪು ನೀರಿನ ಬಾಟಲಿ ತೆರೆದು, ಮೃದುವಾಗಿ ತೊಳೆದು ಕಟ್ಟುವಳು. ಅಜ್ಜಮ್ಮ ಮೊದಮೊದಲು ಸೂರು ನೋಡುತ್ತಿದ್ದವಳು ಈಚೆಗೆ ಸೊಸೆಯ ನೆತ್ತಿಯನ್ನೇ ನೋಡುತ್ತಾ ಕುಳಿತಿರುತ್ತಿದ್ದಳು.

ಹೀಗಿರುವಾಗ ಒಂದು ದಿನ ಕಲ್ಲೇಶ್ ಬಂದ. ಕಾಲಿಗೆ ಮೊಳೆ ಚುಚ್ಚಿ ಕೀವಾಗಿದೆ ಎಂದಷ್ಟೇ ಅವನಿಗೆ ಗೊತ್ತಿದ್ದದ್ದು. ಜೊತೆಗೆ ಗುಡಿಯ ಪೂಜಾರಿ ತಿಪ್ಪೇರುದ್ರಸ್ವಾಮಿಯೂ ಇದ್ದರು. ಊರಿನ ಮಾತನ್ನು ಹೊತ್ತು ತಂದಿದ್ದರು. ನೀರು, ಬೆಲ್ಲ ಆದ ಮೇಲೆ ಪೂಜಾರಿ ಗಂಟಲು ಸರಿಮಾಡಿಕೊಂಡರು.

“ಹಿರೇರು ಸೇರಿದ್ರು ಅಜ್ಜಮ್ಮ. ಕೆಂಡ ಸುಟ್ಟ ಹೆಣ್ಣು ದೇವರ ಮನೆಗೆ ಬರೋದು ಬ್ಯಾಡ, ತವರಿನಾಗೇ ಇರ್ಲಿ ಅಂತಾರೆ. ಕಲ್ಲೇಶಗೆ ಬೇರೆ ದಾರಿ ನೋಡಾಕೆ ಹೇಳವ್ರೆ. ನೀನು ಹೂಂ ಅಂದ್ರೆ ಆತು.”

ನಾಗರತ್ನ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಕಲ್ಲೇಶ್ ಚಾಪೆಯ ಅಂಚು ಕೀಳುತ್ತಿದ್ದ. ಎಲ್ಲರೂ ಅರುಣಾಳ ಬಾಯಿ ನೋಡಿದರು. 

“ತಪ್ಪು ನಂದೇ ಅಂತ ಇಟ್ಕಳ್ರಿ” ಎಂದಳು. “ಅತ್ತೇನ ಯಾಕೆ ಕೇಳ್ತೀರಿ? ಅವರಿಗೆ ಮೈ ಸರಿ ಇಲ್ಲ.”

ಅಜ್ಜಮ್ಮ ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದವಳು ಬಗ್ಗಿ, ಎಡಗಾಲಿನ ಬಟ್ಟೆಯ ಗಂಟನ್ನು ಬಿಚ್ಚತೊಡಗಿದಳು.

“ಅತ್ತೆ, ಬ್ಯಾಡ್ರಿ!” ಅರುಣಾ ಓಡಿಬಂದು ಕೈ ಹಿಡಿದಳು. “ಯಾರೂ ನೋಡೋದು ಬ್ಯಾಡ… ನಾನು ಮಾತು ಕೊಟ್ಟೀನಿ…”

“ಬಿಡೇ ಕೈ. ಮೇಲೆ ಮುಚ್ಚಿದ್ರೆ ಒಳಗೆ ಕೊಳಿತೈತೆ ಅಂತ ಡಾಕ್ಟ್ರಮ್ಮ ಹೇಳಿದ್ದು ಬರೀ ಕಾಲಿಗೆ ಅಂದ್ಕಂಡಿಯೇನು?”

ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿಕೊಂಡಿತು. ನಾಲ್ಕೇ ಬೆರಳಿನ ಪಾದ, ನಡುವೆ ಕೆಂಪಗೆ ತುಂಬುತ್ತಿರುವ ಗಾಯ. ಕಲ್ಲೇಶ್ “ಅವ್ವಾ!” ಎಂದು ಎದ್ದು ನಿಂತ.

“ನೋಡ್ರಿ ಪೂಜಾರಪ್ಪ. ಮೊಳೆ ಅಲ್ಲ, ಕೆಂಡ. ಇವಳಿಗೆ ಸುಟ್ಟದ್ದಕ್ಕಿಂತ ನನಗೆ ಹತ್ತು ಪಟ್ಟು ಸುಟ್ಟಿತ್ತು. ಕಾಲು ಸತ್ತಿತ್ತು, ನನಗೆ ಗೊತ್ತಾಗ್ಲಿಲ್ಲ. ಇವಳಿಗೆ ಮೊದಲೇ ಗೊತ್ತಿತ್ತು. ನನ್ನ ಮಾನ ಉಳಿಸಾಕೆ ತನ್ನ ಮಾನ ಬಿಟ್ಕೊಟ್ಟು ಕುಂತಿದಾಳೆ. ಇವಳ ಮೇಲೆ ನಾನು ಆಡಿದ ಮಾತು ಸುಳ್ಳು… ಶುದ್ಧ ಸುಳ್ಳು! ಹಿರೇರಿಗೆ ಹಂಗೇ ಹೇಳ್ರಿ. ನಿಮಗೆ ಬಾಯಿ ಬರ್ದಿದ್ರೆ ನಾನೇ ಬಂದು ಹೇಳ್ತೀನಿ.”

 ಪೂಜಾರಿ ನೆಲ ನೋಡುತ್ತಾ ಕೇಳಿದರು:

“ಹಂಗಾದ್ರೆ ಬರೋ ವರ್ಷ… ಮೊದಲ ಹೆಜ್ಜೆ…?”

 ಅಜ್ಜಮ್ಮನಿಗೆ ಉಳಿದಿದ್ದ ಒಂದೇ ಒಂದು ದಿನವನ್ನು ಯಾರೋ ಬಂದು ಕೇಳಿದ ಹಾಗಾಗಿತ್ತು.

“ಬೇರೆ ಯಾರಿಗಾದ್ರೂ ಕೊಡ್ರಿ” ಎಂದಳು. “ನಾನು ಇನ್ನು ಹಾಯಲ್ಲ. ನನ್ನ ಸೊಸೆನೂ ಹಾಯಲ್ಲ. ಅವಳು ಹಾಯದಿದ್ರೂ ನನ್ನ ಮನೆಯವಳೇ. ಆ ಮನೆ ದೀಪ ಅವಳೇ ಹಚ್ಲಿ.”

ತಿಪ್ಪೇರುದ್ರಸ್ವಾಮಿ ಕೈಮುಗಿದು ಎದ್ದು, ರಂಗನಾಥನ ಜೊತೆ ಬಸ್ ನಿಲ್ದಾಣದ ಕಡೆ ನಡೆದರು. ನಾಗರತ್ನ ಯಾವಾಗ ಬಂದು ಬೀಗಿತ್ತಿಯ ಪಕ್ಕದಲ್ಲಿ ಕುಳಿತಳೋ ಯಾರಿಗೂ ತಿಳಿಯಲಿಲ್ಲ. “ಮಧ್ಯಾಹ್ನಕ್ಕೆ ಏನ್ ಮಾಡ್ಲಿ ಅಜ್ಜಮ್ಮನೋರೇ? ಸಕ್ಕರೆಗೆ ಆಗ್ಬರೋದು ಹೇಳ್ರಿ” ಎಂದಳು. ಮುಖ ನೋಡಿ ಆಡಿದ ಮೊದಲ ಮಾತು ಅದು! ಅಜ್ಜಮ್ಮ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅರುಣಾ ಗಾಯಕ್ಕೆ ಮತ್ತೆ ಕಟ್ಟು ಹಾಕಲು ಹೊಸ ಬಟ್ಟೆ ತಂದಳು. ಕಲ್ಲೇಶ್ ಅವಳ ಹಿಂದೆ ಬಂದು ನಿಂತ. “ಎಲ್ಲ ಸರಿಹೋತಲ್ಲ… ಹೋಗಾನ ಬಾ ಅರುಣಾ” ಎಂದ.

ಅವಳು ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ಇಷ್ಟು ದಿನ ತಾಯಿಯ ಎದುರೂ ಆಡದ ಮಾತು ತಾನಾಗಿಯೇ ಬಂತು.

“ಅತ್ತೆ ತಮ್ಮ ಮಾತು ಹೇಳಿದ್ರು. ನೀವು ಇನ್ನೂ ಹೇಳಿಲ್ಲ ರೀ. ಅವತ್ತು ಅವರು ಆಡಿದ್ದಕ್ಕಿಂತ ನೀವು ಆಡ್ದೇ ಇದ್ದದ್ದು ನನಗೆ ಜಾಸ್ತಿ ನೋಯ್ತು.”

 ಅವಳು ಮಾತನ್ನು ಅಲ್ಲಿಗೇ ಬಿಡಲಿಲ್ಲ. “ಅತ್ತೆ ಕಾಲು ಊರಿ ನಡೆಯೋ ತನಕ ನಾನು ಇಲ್ಲೇ ಇರ್ತೀನಿ. ಬರೋ ಮನಸು ಬಂದ್ರೆ ಅವರ ಜೊತೆ ಬರ್ತೀನಿ” ಎಂದು ಹೇಳಿ, ಬಟ್ಟೆಯ ಸುರುಳಿಯನ್ನು ಅವನ ಕೈಗೆ ಇಟ್ಟಳು. “ಕೈ ತೊಳ್ಕಂಡು ಬರ್ರಿ. ನಿಮ್ಮ ಅವ್ವ ಅಲ್ಲವಾ, ನೀವೂ ಕಲೀರಿ.”

ಕಂಬದ ಮೇಲೆ ತಂತಿ ಎಳೆಯುವ ಆ ಕೈಗಳು ತಾಯಿಯ ಪಾದಕ್ಕೆ ಬಟ್ಟೆ ಸುತ್ತತೊಡಗಿದವು. ಅರುಣಾ ಪಕ್ಕದಲ್ಲಿ ಕುಳಿತು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೋರಿಸುತ್ತಿದ್ದಳು. ಎರಡು ಸುತ್ತು ಸುತ್ತಿದವನು ತಲೆಯೆತ್ತದೆಯೇ, ತಾಯಿಗೂ ನಾಗರತ್ನಳಿಗೂ ಕೇಳುವ ಹಾಗೆ ಹೇಳಿದ:

“ಅವತ್ತು ನಾನು ಮಾತಾಡ್ಬೇಕಿತ್ತು. ನನ್ನ ಹೆಂಡ್ತಿ ಅಂಥೋಳಲ್ಲ ಅಂತ ಎಲ್ಲರ ಮುಂದೆ ಹೇಳ್ಬೇಕಿತ್ತು. ಹೆದರ್ಕಂಡೆ… ತಪ್ಪಾತು ಅರುಣಾ.”

ಅಂಗಳದಲ್ಲಿ ಕಾಲು ಚಾಚಿದ ದಿನವೂ ಅಳದಿದ್ದವಳು, ಆಸ್ಪತ್ರೆಯಲ್ಲಿ ಅತ್ತೆಗಾಗಿ ಮಾತ್ರ ಅತ್ತವಳು, ಈಗ ತನಗಾಗಿ ಅಳತೊಡಗಿದಳು. ಸಮಾಧಾನ ಮಾಡಲು ಯಾರೂ ಹೋಗಲಿಲ್ಲ. ಅಜ್ಜಮ್ಮ ಮಾತ್ರ ಮಗನ ಭುಜ ಮುಟ್ಟಿ ಮೆಲ್ಲಗೆ ಅಂದಳು:

“ನಿಲ್ಲಿಸ್ಬೇಡ, ಸುತ್ತು. ಅವಳು ಅಳ್ಲಿ ಬಿಡು.”